ಆರ್ಕಿಡ್ ಕೋಣೆಯ ತೇವ

ಕೆಮ್ಮಿ, ಬಿಸಿನೀರು ಗುಟುಕರಿಸಿ ಮತ್ತೆ ಬಾಯಿ ತೆರೆದರೂ ಟೀಚರಮ್ಮನ ಗಂಟಲಿನಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ಕಣ್ಣೊರೆಸಿಕೊಂಡಳು.

“ಅಳು ಒಳಗೇ ಇಟ್ಕೋಬೇಡಿ ಅತ್ತಿಗೆ. ಗಂಟಲು ಕಟ್ಟೋದು ಅದಕ್ಕೇ.”

ಅಳುವೂ ಇಲ್ಲ, ಮಣ್ಣೂ ಇಲ್ಲ. ಮೂವತ್ತೊಂದು ವರ್ಷ ಸೀಮೆಸುಣ್ಣದ ಪುಡಿ ತಿಂದ ಗಂಟಲು ಅದು. ಒಣಹವೆ ಶುರುವಾಯಿತೆಂದರೆ ದಿನಗಟ್ಟಲೆ ಮುಷ್ಕರ ಹೂಡುತ್ತಿತ್ತು. ನಾದಿನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬರು ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

“ಎಲ್ಲರೂ ಮಾತಾಡಿದ್ಮೇಲೆ ಕೊನೇಲಿ ನೀವೂ ಎರಡು ಮಾತು ಹೇಳ್ಬೇಕಂತೆ. ಆಮೇಲೆ ಗಾಡಿ ಬರತ್ತೆ,” ಎಂದಳು ನಾದಿನಿ. “ಅಣ್ಣನ ಜೇಬಲ್ಲಿದ್ದದ್ದೆಲ್ಲ ಇದರಲ್ಲಿದೆ, ತಗೊಳ್ಳಿ.”

ಲಕೋಟೆಯಲ್ಲಿ ಕನ್ನಡಕ, ಬಸ್ ಪಾಸು, ಒಂದು ಬೀಗದಕೈ. ನಿನ್ನೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಟೀಚರಮ್ಮ ಬೀಗದಕೈಯನ್ನಷ್ಟೇ ತೆಗೆದು ಮುಷ್ಟಿಯಲ್ಲಿಟ್ಟುಕೊಂಡರು.

ಅವರು ನಡುಮನೆಗೆ ಬಂದಾಗ ಗಂಡನ ಹಳೆಯ ಸಹೋದ್ಯೋಗಿಯೊಬ್ಬರು ಎದ್ದು ನಿಂತಿದ್ದರು. “ಮನೆಮನೆ ಸುತ್ತಿ ಕರೆಂಟ್ ಮೀಟರ್ ಓದಿದ ಮನುಷ್ಯ. ಒಂದು ಅಂಕಿ ಹೆಚ್ಚುಕಮ್ಮಿ ಬರೆದವರಲ್ಲ. ಅದಕ್ಕೇ ನಾವೆಲ್ಲ ಮೀಟರಣ್ಣ ಅಂತಿದ್ವಿ.”

“ಆರ್ಕಿಡ್ ಗಿಡಾನೇ ಅಷ್ಟು ಚೆನ್ನಾಗಿ ನೋಡ್ಕೋತಿದ್ರು,” ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. “ಹೆಂಡ್ತೀನ ಇನ್ನೆಷ್ಟು ನೋಡ್ಕೊಂಡಿರ್ಬೇಡ! ಪುಣ್ಯವಂತೆ.”

ಪುಣ್ಯವಂತೆ ಕುರ್ಚಿಯ ತುದಿಯಲ್ಲಿ ಕೂತು ಎಂಜಲು ನುಂಗಲು ನೋಡಿದರು. ನುಂಗಲು ಎಂಜಲೂ ಇರಲಿಲ್ಲ.

*

ಆರ್ಕಿಡ್ ಹೂಗಿಡಗಳ ಕೋಣೆಯ ಗಾಳಿಗೆ ತೇವ ಕೊಡುವ ಯಂತ್ರ ಕೊಳ್ಳಲು ಮೀಟರಣ್ಣ ಮೂರು ಸಲ ಅಂಗಡಿಗೆ ಅಲೆದಿದ್ದರು. ಮೂರನೇ ಸಲ ಹೆಂಡತಿಯನ್ನೂ ಕರೆದುಕೊಂಡು ಹೋದರು, ಡಬ್ಬ ಹಿಡಿದುಕೊಳ್ಳಲು.

ಅಂಗಡಿಯವನು ಮೂರು ಬಗೆಯ ಹ್ಯೂಮಿಡಿಫೈಯರ್ ಇಟ್ಟ. “ಇದು ನೀರು ಕುದಿಸಿ ಹಬೆ ಬಿಡತ್ತೆ ಸಾರ್.”

“ಬೇಡ. ಎಲೆ ಬೆಂದುಹೋಗತ್ತೆ.”

“ಇದು ಒದ್ದೆ ಬತ್ತಿ ಮೇಲೆ ಗಾಳಿ ಹಾಯಿಸತ್ತೆ.”

“ಬತ್ತಿಗೆ ಬೂಷ್ಟು ಬಂದ್ರೆ? ಬೇರಿಗೆ ರೋಗ ತಗಲತ್ತೆ.”

“ಹಾಗಾದ್ರೆ ಇದು. ಸಣ್ಣ ಮಂಜು ಬಿಡತ್ತೆ. ಗಡಸು ನೀರು ಹಾಕಿದ್ರೆ ಮಾತ್ರ ಎಲೆ ಮೇಲೆ ಬಿಳಿ ಪುಡಿ ಕೂರತ್ತೆ.”

“ಶುದ್ಧ ನೀರೇ ತರ್ಸೋಣ.” ಆ ನೀರಿನ ಕ್ಯಾನನ್ನು ಎರಡು ಮಹಡಿ ಹೊತ್ತು ತರುವವರು ಯಾರೆಂದು ಅಂಗಡಿಯವನು ಕೇಳಲಿಲ್ಲ, ಇವರು ಹೇಳಲೂ ಇಲ್ಲ.

ಎರಡು ಗಂಟೆ ನಿಂತು ಕಾಲು ನೋಯುತ್ತಿದ್ದ ಟೀಚರಮ್ಮನಿಗೆ ಮೂಲೆಯಲ್ಲಿ ಚೊಂಬಿನಷ್ಟು ಚಿಕ್ಕದೊಂದು ಕಂಡಿತು. “ಡಾಕ್ಟ್ರು ಹೇಳಿದ್ರಲ್ಲ, ಮಲಗೋ ಕೋಣೆ ಗಾಳೀಲಿ ತೇವ ಇರ್ಬೇಕು ಅಂತ. ನನಗೂ ಒಂದು ತಗೊಂಡ್ರೆ…”

ಮೀಟರಣ್ಣ ಸಿಡುಕಲಿಲ್ಲ. ಅವರು ಸಿಡುಕುವವರೇ ಅಲ್ಲ. “ನಿನಗೆ ಬಾಯಿದೆ. ಒಣಗಿದ್ರೆ ನೀರು ಕುಡೀತೀಯ, ಬೇಕಾದ್ದು ಕೇಳ್ತೀಯ. ಪಾಪ, ಅವಕ್ಕೆ ಬಾಯಿದೆಯೇನು?”

ಅಂಗಡಿಯವನು ನಕ್ಕ. ಟೀಚರಮ್ಮನೂ ನಕ್ಕರು. ಆ ನಗು ನೆನಪಾದರೆ ಅವರಿಗೆ ಇವತ್ತಿಗೂ ತಮ್ಮ ಮೇಲೆಯೇ ಅಸಹ್ಯವಾಗುತ್ತದೆ.

*

ಗಂಡ ಆರ್ಕಿಡ್ ಸಂಘಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವರು ಆ ಕೋಣೆಯಲ್ಲಿ ಹತ್ತು ನಿಮಿಷ ಕೂರುತ್ತಿದ್ದರು. ಮಂಜಿಗೆ ಮುಖವೊಡ್ಡಿ, ಬಾಯಿ ತೆರೆದು, ಆಮೇಲೆ ಹತ್ತೊಂಬತ್ತರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಸ್ವರ ಬಂತೆಂದರೆ ಎಷ್ಟು ಖುಷಿ! ಹೂಗಳ ಮುಂದೆ ಇಡೀ ತರಗತಿ ನಡೆಸಿಬಿಡುವಷ್ಟು.

ಗೋಡೆಯ ಮೇಲೆ ತೇವ ಅಳೆಯುವ ಮಾಪಕವಿತ್ತು. ಮುಳ್ಳು ಎಪ್ಪತ್ತರಲ್ಲಿರಬೇಕು. ಒಂದು ಸಂಜೆ ಅರವತ್ತೆರಡಕ್ಕೆ ಇಳಿದಿತ್ತು.

“ಬಾಗಿಲು ತೆಗೆದದ್ದು ಯಾರು?”

“ನಾನೇ. ಇಲ್ಲಿ ಕೂತ್ರೆ ಗಂಟಲಿಗೆ ಹಾಯೆನ್ಸತ್ತೆ.”

ಮೀಟರಣ್ಣ ಅರವತ್ತೆರಡು ಎಂದು ಪುಸ್ತಕದಲ್ಲಿ ಬರೆದುಕೊಂಡರು. ಮಾರನೆಯ ದಿನ ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಆರು ವರ್ಷ ಟೀಚರಮ್ಮ ನೀರಿನ ಕ್ಯಾನ್ ಹೊತ್ತು ತಂದು ಬಾಗಿಲ ಹೊರಗಿಟ್ಟು ಬರುತ್ತಿದ್ದರು.

*

ಸಂಘದ ಅಧ್ಯಕ್ಷರು ಸತ್ತವರ ಗುಣಗಾನ ಮುಗಿಸಿ ಟೀಚರಮ್ಮನ ಕಿವಿಯ ಹತ್ತಿರ ಬಗ್ಗಿದರು. “ಈ ಹೊತ್ತಲ್ಲಿ ಕೇಳಬಾರದು, ಆದ್ರೂ… ಯಂತ್ರಕ್ಕೆ ನೀರು ತುಂಬಿದ್ದೀರಾ ತಾಯೀ? ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ ಮೊಗ್ಗೆಲ್ಲ ಉದುರಿಹೋಗತ್ತೆ.”

“ಅತ್ತಿಗೆ, ಈಗ ನೀವು,” ನಾದಿನಿ ಕರೆದಳು.

ಟೀಚರಮ್ಮ ಎದ್ದರು. ಬಾಯಿ ತೆರೆದರು. ಒಣ ಎಲೆ ತುಳಿದಂಥ ಸದ್ದು ಬಂತು. ಸುತ್ತಲೂ ಬಿಕ್ಕಳಿಕೆ ಎದ್ದಿತು. “ಪಾಪ, ದುಃಖಕ್ಕೆ ಮಾತೇ ನಿಂತುಹೋಗಿದೆ. ಬಿಡಿ, ಬಲವಂತ ಮಾಡ್ಬೇಡಿ,” ಎಂದರು ಯಾರೋ.

ದುಃಖವಂತೆ! ಅವರಿಗೆ ಮೈಯೆಲ್ಲ ಉರಿದುಹೋಯಿತು. ಈಗ ಸುಮ್ಮನೆ ಕೂತರೆ ಈ ಮನೆಯ ಕತೆ ಹೀಗೆಯೇ ಉಳಿದುಬಿಡುತ್ತದೆ: ಚಿನ್ನದಂಥ ಗಂಡ, ಮಾತು ಸತ್ತುಹೋದ ಹೆಂಡತಿ.

ಅವರು ಕೂರಲಿಲ್ಲ. ನೇರವಾಗಿ ಆರ್ಕಿಡ್ ಕೋಣೆಗೆ ನಡೆದು ಬೀಗ ತೆಗೆದರು. ಸಾಲುಸಾಲು ಹೂಗಳು ಅರಳಿ ನಿಂತಿದ್ದವು. ಮಾಪಕ ಎಪ್ಪತ್ತರಲ್ಲಿತ್ತು. ಟ್ಯಾಂಕಿನಲ್ಲಿ ಇನ್ನೂ ಎರಡು ಬೆರಳು ನೀರಿತ್ತು. ಪ್ಲಗ್ ಕಿತ್ತು, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಗಂಡನ ತಲೆಯ ಬದಿಯ ಮೇಜಿನ ಮೇಲಿಟ್ಟು ಮತ್ತೆ ಚಾಲೂ ಮಾಡಿದರು.

“ಅತ್ತಿಗೆ, ಏನಿದು?” ನಾದಿನಿ ಗಾಬರಿಯಾದಳು.

ಟೀಚರಮ್ಮ ತಾಳು ಎಂಬಂತೆ ಕೈ ಎತ್ತಿದರು. ಕುರ್ಚಿ ಎಳೆದುಕೊಂಡು, ಮಂಜಿಗೆ ಮುಖವೊಡ್ಡಿ, ಬಾಯಿ ತೆರೆದು ಕೂತರು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮಂಜು ತೆಳ್ಳಗೆ ಹರಿದು ಮೀಟರಣ್ಣನ ಹಣೆಯ ಮೇಲೂ ಹನಿಯಾಯಿತು.

“ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು,” ಎಂದರು ಟೀಚರಮ್ಮ. ಸ್ವರ ಒಡೆಯಲಿಲ್ಲ. ಎದ್ದು ನಿಂತರು. “ಇದನ್ನ ಕೊಳ್ಳೋಕೆ ಇವರು ಮೂರು ಸಲ ಅಂಗಡಿಗೆ ಹೋಗಿದ್ರು. ಮೂರನೇ ಸಲ ನಾನೂ ಇದ್ದೆ. ಅವತ್ತು ಏನಾಯ್ತು ಅಂತ ಹೇಳ್ತೀನಿ, ಕೇಳಿ.”

ಅಧ್ಯಕ್ಷರ ಕಣ್ಣು ಮಾತ್ರ ಆರ್ಕಿಡ್ ಕೋಣೆಯ ಹಾರುಹೊಡೆದ ಬಾಗಿಲ ಮೇಲಿತ್ತು. ಅವರು ಮೆಲ್ಲಗೆ ಎದ್ದು ಅದನ್ನು ಮುಚ್ಚಲು ಹೊರಟರು.

“ಕೂತ್ಕೊಳ್ಳಿ,” ಎಂದರು ಟೀಚರಮ್ಮ, ಕೊನೆಯ ಬೆಂಚಿಗೂ ಕೇಳುತ್ತಿದ್ದ ಆ ಹಳೆಯ ಸ್ವರದಲ್ಲಿ.

ಅಧ್ಯಕ್ಷರು ಕೂತರು. ಒಳಗೆ ಗೋಡೆಯ ಮೇಲೆ ಮುಳ್ಳು ಐವತ್ತೈದನ್ನು ದಾಟಿ ಇಳಿಯುತ್ತಿತ್ತು.