ಉಂಡಿ ಹಿಡಿದ ಆನೆ

ನಾನು ಸಾಗವಾನಿ ಕಟ್ಟಿಗೆಯ ಒಂದು ಅಚ್ಚು. ಬೆಟಗೇರಿಯ ಬಡಿಗೇರ ಮೌನೇಶಪ್ಪ ನನ್ನನ್ನು ಎರಡು ಹೋಳು ಮಾಡಿ, ಒಂದೊಂದರಲ್ಲೂ ಅರ್ಧರ್ಧ ಆನೆಯನ್ನು ಕೊರೆದ. ಹೋಳುಗಳನ್ನು ಜೋಡಿಸಿ, ದಾರ ಬಿಗಿದು ಸಕ್ಕರೆ ಪಾಕ ಸುರಿದರೆ ಬಿಳಿ ಆನೆಯೊಂದು ಹುಟ್ಟುತ್ತದೆ. ಗಿಣಿ, ನವಿಲುಗಳ ಅಚ್ಚಿಗಿಂತ ನಾನೇ ಚೆಂದ ಎಂದು ಅವನು ಬಾಯಿಬಿಟ್ಟು ಹೇಳಿದ್ದ. ನಾನದನ್ನು ಮರೆತಿಲ್ಲ.

ನನ್ನನ್ನು ಕೊಂಡವಳು ಮಿಠಾಯಿ ಅಂಗಡಿಯ ಬಸಲಿಂಗವ್ವ. ಅವಳಲ್ಲಿ ಬತ್ತಾಸು, ಬೆಂಡು ವರ್ಷವಿಡೀ ಸಿಗುತ್ತಿದ್ದವು. ನನಗೆ ಕೆಲಸ ಬರುತ್ತಿದ್ದುದು ಗೌರಿ ಹುಣ್ಣಿಮೆಗೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಆಗ ಸೀರೆಯ ಜೊತೆ ಸಕ್ಕರೆ ಗೊಂಬೆಗಳನ್ನೂ ಒಯ್ಯುತ್ತಾರೆ. ಗೊಂಬೆ ಮುಕ್ಕಾಗಿದ್ದರೆ ಬೀಗರ ಮುಖ ಗಂಟಾಗುತ್ತದೆ. ಹಾಗಾಗಿ ಬಸಲಿಂಗವ್ವ ಒಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಸೊಸೆ ನೀಲಗಂಗಾಳಿಗೆ ಆ ಕೆಲಸದ ಮೇಲೆಯೇ ಕಣ್ಣು. ಮದುವೆಯಾಗಿ ಬಂದ ವರ್ಷವೇ ಕೇಳಿದಳು.

“ಅತ್ತೀ, ಒಂದ ಸಲ ನಾ ಹಾಕ್ಲೇನ್ರಿ?”

“ಹಾಕು. ಕೆಡಿಸಿದ್ರ ನೋಡ ಮತ್ತ!”

ಪಾಪ, ನೀಲಗಂಗಾಳದು ಅತಿ ಶಿಸ್ತು. ಅತ್ತೆ ರಾತ್ರಿಯೇ ನೀರಲ್ಲಿ ನೆನೆಹಾಕಿದ್ದ ನನ್ನನ್ನು ಅವಳು ತೆಗೆದು, ಸೆರಗಿನಿಂದ ಒರೆಸಿ, ಬಿಸಿಲಿಗಿಟ್ಟು ಗರಿಗರಿ ಒಣಗಿಸಿದಳು. ಒಣಗಿದ ಕಟ್ಟಿಗೆ ಪಾಕವನ್ನು ಬಿಡುವುದಿಲ್ಲ. ಆನೆ ನನ್ನೊಳಗೇ ಕಚ್ಚಿಕೊಂಡಿತು. ಬಸಲಿಂಗವ್ವ ಚೂರಿ ಹಾಕಿ ಮೀಟಿದಾಗ ಸೊಂಡಿಲ ತುದಿಯಲ್ಲಿ ನನ್ನದೊಂದು ಚೂರು ಎದ್ದು ಹೋಯಿತು.

“ನಾ ಇರೂತನಕ ಈ ಒಲಿ ಮುಂದ ಬರಬ್ಯಾಡ,” ಎಂದಳು ಬಸಲಿಂಗವ್ವ.

ನೀಲಗಂಗಾ ಪಾತ್ರೆ ತೊಳೆಯುವ ಮೂಲೆಗೆ ಹೋದಳು. ಸಿಟ್ಟು ನನಗೂ ಇತ್ತು, ಸುಳ್ಳೇಕೆ ಹೇಳಲಿ? ಆದರೆ ದಿನವೂ ನನ್ನನ್ನು ತೊಳೆಯುವಾಗ ಅವಳ ಹೆಬ್ಬೆರಳು ಆ ಗಾಯದ ಮೇಲೆ ನಿಲ್ಲುತ್ತಿತ್ತು. ಹೀಗೆ ನಿಲ್ಲುವ ಬೆರಳಿನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು?

ಆ ಗುಳಿಗೂ ಪಾಕ ತುಂಬಿ, ಆಮೇಲೆ ನನ್ನಿಂದ ಬಂದ ಆನೆಗಳಿಗೆಲ್ಲ ಸೊಂಡಿಲ ತುದಿಯಲ್ಲೊಂದು ಗಂಟು. ಬಸಲಿಂಗವ್ವ ಗೊಣಗುತ್ತ ಒಂದೊಂದನ್ನೂ ಚೂರಿಯಿಂದ ಹೆರೆದು ನುಣ್ಣಗೆ ಮಾಡುತ್ತಿದ್ದಳು. ಹಬ್ಬದ ಗಡಿಬಿಡಿಯಲ್ಲಿ ಒಂದು ಆನೆ ಮಾತ್ರ ಗಂಟಿನ ಸಮೇತ ಪೆಟ್ಟಿಗೆ ಸೇರಿತು.

ಮರುವರ್ಷ ನರಗುಂದದ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಮುಕ್ಕು ಗೊಂಬೆಯ ಜಗಳ ಬಂತೆಂದು ಬಸಲಿಂಗವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು.

“ಹ್ವಾದ ವರ್ಷ ಒಂದ ಆನಿ ಕೊಟ್ಟಿದ್ರಲ್ಲ, ಸೊಂಡಿಲಾಗ ಉಂಡಿ ಹಿಡದದ್ದು? ಬೀಗರ ಓಣಿ ಮಂದಿಯೆಲ್ಲಾ ಬಂದ ನೋಡಿ ಹ್ವಾದ್ರು. ಈ ಸಲ ಸಣ್ಣ ಮಗಂದು ಗೊತ್ತಾಗೈತಿ, ಅಂಥಾವ ಬೇಕ್ರಿ. ಯಾರ ಮಾಡಿದ್ದರಿ ಅದು?”

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಬಸಲಿಂಗವ್ವ ಕೈಯಲ್ಲಿದ್ದ ಚೂರಿಯನ್ನು ನೋಡಿದಳು, ನನ್ನನ್ನು ನೋಡಿದಳು. ‘ನಾನೇ ಮಾಡಿದ್ದು’ ಎಂದು ಅವಳು ಅಂದಿದ್ದರೆ ಯಾರು ಕೇಳುವವರಿದ್ದರು?

“ನಮ್ಮ ಸೊಸಿ,” ಎಂದಳು. “ಆ ಉಂಡಿ ಆಕೀದ.”

ಹೆಂಗಸು ಅತ್ತ ಹೋದಮೇಲೆ ಒಳಗೆ ಮುಖ ಮಾಡಿ ಕೂಗಿದಳು. “ನೀಲವ್ವಾ, ಬಾ ಇಲ್ಲಿ. ಪಾಕ ಕುದಿಯಾಕತ್ತೈತಿ. ಈ ಸಲರ ಅಚ್ಚು ಒರಸಬ್ಯಾಡ ಮತ್ತ!”

ನೀಲಗಂಗಾ ಒದ್ದೆ ಕೈಯಲ್ಲೇ ಓಡಿ ಬಂದಳು. ಆ ದಿನ ಅವಳು ಸುರಿದ ಪಾಕದಷ್ಟು ಹದವಾದದ್ದನ್ನು ನಾನು ಮತ್ತೆ ಕಂಡಿಲ್ಲ. ಹೆರೆಯುವ ಚೂರಿ ಅಂದಿನಿಂದ ಗೂಡು ಸೇರಿತು.

ಬಸಲಿಂಗವ್ವ ತೀರಿಕೊಂಡು ಬಹಳ ವರ್ಷಗಳಾದವು. ಅಂಗಡಿಗೆ ಮೊದಲು ಗಾಜಿನ ಭರಣಿಗಳಲ್ಲಿ ಪೆಪ್ಪರಮಿಂಟು ಬಂತು, ಆಮೇಲೆ ಮಿಂಚುವ ಕಾಗದದ ಚಾಕಲೇಟು. ಸಕ್ಕರೆ ಗೊಂಬೆಗಳೂ ಈಗ ಬೇರೆ ಊರಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ನಾನು ಬಿರುಕು ಬಿಟ್ಟಿದ್ದೇನೆ, ಪಾಕ ನಿಲ್ಲುವುದಿಲ್ಲ. ಚಾಕಲೇಟು ಭರಣಿಗಳ ಹಿಂದೆ ನನ್ನ ಜಾಗ. ಮೌನೇಶಪ್ಪ ಕೆತ್ತಿದ ಆನೆಯನ್ನು ಯಾರೂ ಕೇಳುವುದಿಲ್ಲ. ನೀಲಗಂಗಾ ಕೆಡಿಸಿದ ಆನೆಯನ್ನು ಕೇಳಿಕೊಂಡು ಇಂದಿಗೂ ಒಬ್ಬಿಬ್ಬರು ಬರುತ್ತಾರೆ. ಇದರಿಂದ ನನಗೇನೂ ಬೇಸರವಿಲ್ಲ.

ಗೌರಿ ಹುಣ್ಣಿಮೆ ಬಂದಾಗಲೆಲ್ಲ ತಲೆ ನರೆತ ನೀಲಗಂಗಾ ನನ್ನನ್ನು ಇಳಿಸಿ ಬೋಗುಣಿಯ ನೀರಿನಲ್ಲಿ ನೆನೆಹಾಕುತ್ತಾಳೆ. ಪಾಕ ಸುರಿಯುವುದಿಲ್ಲ, ಸುಮ್ಮನೆ ನೆನೆಹಾಕುತ್ತಾಳೆ. ಸಂಜೆ ತೆಗೆದಾಗ ಅವಳ ಸೊಸೆ ಬಟ್ಟೆ ಹಿಡಿದು ಬರುತ್ತಾಳೆ.

“ಬ್ಯಾಡವಾ,” ಎನ್ನುತ್ತಾಳೆ ನೀಲಗಂಗಾ. “ನಮ್ಮತ್ತಿ ಬೈತಾಳ.”