ಉಪ್ಪಿನ ಬಾಗಿಲು ಸುಟ್ಟ ವರ್ಷ

ದೊಡ್ಡಮನೆಯವರ ಶವಯಾತ್ರೆಯಲ್ಲಿ ಹೆಣಕ್ಕಿಂತ ಮುಂದೆ ಪೂರ್ವಜರು ನಡೆಯುತ್ತಾರೆ. ಹಜಾರದ ಗೂಡುಗಳಲ್ಲಿ ಹೊಗೆ ಕುಡಿದು ಕಪ್ಪಾಗಿರುವ ಮೇಣದ ಮುಖವಾಡಗಳನ್ನು ಅಂದು ಹೊರತೆಗೆದು, ಬಾಡಿಗೆಯ ನಟರ ಮುಖಕ್ಕೆ ಕಟ್ಟಿ, ಆಯಾ ಪೂರ್ವಜನ ಪದವಿಗೆ ತಕ್ಕ ಉಡುಪು ತೊಡಿಸಿ ರೋಮಿನ ಚೌಕಕ್ಕೆ ಕರೆತರುತ್ತಾರೆ. ಸೆಪೂನಿಯಸ್ ಮನೆತನದ ಹಿರಿಯ ತೀರಿಕೊಂಡ ದಿನ ಹಾಗೆ ಬಂದ ಹನ್ನೊಂದು ಮಂದಿ ಸತ್ತವರಲ್ಲಿ ಆರನೆಯವನು ಹೆಗಲ ಮೇಲೆ ಒದ್ದೆ ಕಂಬಳಿ ಹೊತ್ತಿದ್ದ. ಅದರಿಂದ ನೀರು ತೊಟ್ಟಿಕ್ಕಿ ಚೌಕದ ಹಾಸುಗಲ್ಲಿನ ಮೇಲೆ ಉದ್ದಕ್ಕೂ ಗೆರೆ ಬಿದ್ದಿತ್ತು.

"ಔಲಸ್! ಔಲಸ್ ಸೆಪೂನಿಯಸ್!" ಎಂದು ಜನ ಕೂಗಿದರು.

"ಹಿಂಡೋ ಅಜ್ಜಾ, ಚೆನ್ನಾಗಿ ಹಿಂಡು! ನಮ್ಮನೆ ಕಂಬ್ಳೀನೂ ಕಳಿಸ್ಲಾ?" ಎಂದಳು ಮೀನು ಮಾರುವ ಹೆಂಗಸೊಬ್ಬಳು. ಸುತ್ತಲಿದ್ದವರು ನಕ್ಕರು. ನಗುವಿನಲ್ಲಿ ಕೊಂಕಿರಲಿಲ್ಲ, ಸಲಿಗೆಯಿತ್ತು. ಇನ್ನೂರೈವತ್ತು ವರ್ಷದ ಹಿಂದೆ ನೆರೆಯ ಶತ್ರುಗಳಾದ ಸಬೈನರು ಊರಿನ ಕೋಟೆಯ ಉಪ್ಪಿನ ಬಾಗಿಲಿಗೆ ಬೆಂಕಿಯಿಟ್ಟಾಗ ನಲವತ್ತು ಒದ್ದೆ ಕಂಬಳಿಗಳನ್ನು ತಾನೇ ಮೇಲಿಂದ ಎಸೆದು ಊರು ಉಳಿಸಿದ ಔಲಸ್‌ನ ಕಥೆಯನ್ನು ರೋಮಿನ ಮಕ್ಕಳೂ ಬಲ್ಲರು.

ಜನರ ನಡುವೆ ನಿಂತಿದ್ದ ನುಮೆರಿಯಸ್ ಸತ್ರಿಯಸ್‌ನ ದವಡೆ ಬಿಗಿಯಿತು. ಮೂವತ್ತು ವರ್ಷ ದೊಡ್ಡಮನೆಗಳ ಮಕ್ಕಳಿಗೆ ಭಾಷಣಕಲೆ ಕಲಿಸಿ, ಕಳೆದ ಹನ್ನೆರಡು ವರ್ಷಗಳಿಂದ ಊರಿನ ಮೊದಲ ದಿನಗಳ ಚರಿತ್ರೆ ಬರೆಯುತ್ತಿದ್ದ ಮನುಷ್ಯ ಆತ. ಕಣ್ಣು ಮಂಜಾಗಿತ್ತು. ಓದುವುದಕ್ಕೂ ಬರೆಯುವುದಕ್ಕೂ ಹಿಲಾರಾ ಇದ್ದಳು. ಅವನ ಮನೆಯಲ್ಲೇ ದಾಸಿಯಾಗಿ ಬೆಳೆದು, ಬಿಡುಗಡೆ ಪಡೆದ ಮೇಲೂ ಅಲ್ಲೇ ಉಳಿದ ಐವತ್ತರ ಹೆಂಗಸು.

"ಯಜಮಾನ್ರೇ, ಹಲ್ಲು ಕಡೀಬೇಡಿ. ಇರೋದೇ ನಾಲ್ಕು" ಎಂದಳು ಆಕೆ.

"ಸುಳ್ಳು ಕಣೇ. ಹೆಗಲ ಮೇಲೆ ಹೊತ್ಕೊಂಡು ಮೆರವಣಿಗೆ ಮಾಡ್ತಿದಾರೆ. ತೊಟ್ಟಿಕ್ಕೋ ಸುಳ್ಳು."

ಅವನ ಸಿಟ್ಟಿಗೆ ಆಧಾರವಿತ್ತು. ನಾಲ್ಕು ದಿನದ ಹಿಂದೆ ಧಾನ್ಯದ ದೇವಿ ಸೆರೆಸ್‌ಳ ಗುಡಿಯಲ್ಲಿ, ಬಡಜನರ ಪರವಾಗಿ ಬರೆದಿಟ್ಟ ದಾಖಲೆಗಳ ಕೋಣೆಯಲ್ಲಿ, ಒಡೆದ ಧಾನ್ಯದ ಕೊಪ್ಪರಿಗೆಯ ಹಿಂದೆ ಹಸಿರುಗಟ್ಟಿದ ಒಂದು ಕಂಚಿನ ಹಾಳೆ ಸಿಕ್ಕಿತ್ತು. ಹಿಲಾರಾ ಹುಳಿನೀರಿನಲ್ಲಿ ಉಜ್ಜಿ, ಬೆರಳಾಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ್ದಳು: ಆ ವರ್ಷ ಉಪ್ಪಿನ ಬಾಗಿಲು ಸುಟ್ಟುಹೋಯಿತು. ಬೀದಿಯ ಅರವತ್ತು ಮಂದಿ ಹಮಾಲರು ಸತ್ತರು. ಕಾವಲು ಬಿಟ್ಟು ಓಡಿದ್ದಕ್ಕೆ ಔಲಸ್ ಸೆಪೂನಿಯಸ್ ದಂಡ ತೆತ್ತ. ದಂಡದ ಎತ್ತುಗಳು ದೇವಿಗೆ ಸಂದವು.

ಅಷ್ಟೇ. ಹೊಗಳಿಕೆಯಿಲ್ಲ, ಬೈಗುಳವಿಲ್ಲ. ಸತ್ತ ಅರವತ್ತು ಮಂದಿಯಲ್ಲಿ ಒಬ್ಬನ ಹೆಸರೂ ಇಲ್ಲ. ಓಡಿದವನಿಗೆ ಮುಖವಾಡ ಉಂಟು, ಗೂಡು ಉಂಟು, ಗೂಡಿನ ಕೆಳಗೆ ಹೊನ್ನಕ್ಷರ ಉಂಟು. ಸುಟ್ಟು ಸತ್ತವರಿಗೆ ಅವರ ಸಾವು ಕೂಡ ಉಳಿಯಲಿಲ್ಲ, ಏಕೆಂದರೆ ಬಾಗಿಲು ಉಳಿಯಿತೆಂದ ಮೇಲೆ ಅವರು ಸಾಯುವುದೆಲ್ಲಿ? ಇದೇ ಸತ್ರಿಯಸ್‌ನ ಎದೆಯಲ್ಲಿ ಕೆಂಡದಂತೆ ಕೂತಿತ್ತು.

ಭಾಷಣದ ಕಟ್ಟೆಯ ಮೇಲೆ ಸತ್ತವನ ಮಗ ಗಾಯಸ್ ಸೆಪೂನಿಯಸ್ ರೂಗಾ ಮಾತಾಡುತ್ತಿದ್ದ. ಒಂದು ಕಾಲಕ್ಕೆ ಸತ್ರಿಯಸ್‌ನ ಶಿಷ್ಯ, ಈ ವರ್ಷ ಊರಿನ ಅತಿ ದೊಡ್ಡ ಅಧಿಕಾರವಾದ ಕಾನ್ಸಲ್ ಪದವಿಯ ಅಭ್ಯರ್ಥಿ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕೈಯೆತ್ತಬೇಕು, ಎಲ್ಲಿ ಉಸಿರು ಸಿಕ್ಕಿಕೊಂಡಂತೆ ನಿಲ್ಲಬೇಕು, ಒಂದೂ ತಪ್ಪಲಿಲ್ಲ. ಎಲ್ಲವೂ ಸತ್ರಿಯಸ್ ಕಲಿಸಿದ್ದೇ.

ಒಂಬತ್ತು ದಿನದ ಸೂತಕ ಕಳೆದ ಮರುದಿನ ಸತ್ರಿಯಸ್ ಹಿಲಾರಾಳ ತೋಳು ಹಿಡಿದು ರೂಗಾನ ಮನೆಗೆ ಹೋದ. ಚರಿತ್ರೆಯ ಮೊದಲ ಭಾಗವನ್ನು ಚುನಾವಣೆಗೆ ಮುಂಚೆ ತನ್ನ ಹಜಾರದಲ್ಲೇ ಓದಿಸುವುದಾಗಿ ರೂಗಾ ಹಿಂದೆಯೇ ಮಾತು ಕೊಟ್ಟಿದ್ದ. ಇಡೀ ಊರಿನ ಗಣ್ಯರು ಬರುವವರಿದ್ದರು.

ರೂಗಾ ಶೋಕದ ಕಪ್ಪು ಕಳಚಿ ಅಭ್ಯರ್ಥಿಯ ಬಿಳಿ ತೊಟ್ಟಿದ್ದ. ಬೆಳ್ಳಗೆ ಮಿಂಚಲೆಂದು ನಿಲುವಂಗಿಗೆ ಸೀಮೆಸುಣ್ಣ ತಿಕ್ಕಿದ್ದರು. ಅವನು ಮುಟ್ಟಿದ ಕುರ್ಚಿ, ಮೇಜು, ಬಾಗಿಲ ಕಂಬ, ಎಲ್ಲದರ ಮೇಲೂ ಬಿಳಿ ಹುಡಿ.

"ಬನ್ನಿ ಮೇಷ್ಟ್ರೇ, ಬನ್ನಿ. ಭಾಷಣ ಹೇಗಿತ್ತು? ಬೆತ್ತದೇಟು ಬೀಳೋ ಹಾಗೇನಾದ್ರೂ ಆಯ್ತಾ?"

"ಭಾಷಣ ಚೆನ್ನಾಗಿತ್ತು. ಹೇಳಿದ್ದು ಸುಳ್ಳು" ಎಂದು ಸತ್ರಿಯಸ್ ಕೂರದೆಯೇ ಕಂಚಿನ ಹಾಳೆಯ ವಿಷಯ ಹೇಳಿದ.

ರೂಗಾ ಪೂರ್ತಿ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ. ಸಿಟ್ಟಾಗದಿರುವುದನ್ನೂ ಮೇಷ್ಟರೇ ಕಲಿಸಿದ್ದರು.

"ಮೇಷ್ಟ್ರೇ, ಧಾನ್ಯದ ಗುಡೀಲಿ ಇಲಿ ಹಿಕ್ಕೆ ನಡುವೆ ಸಿಕ್ಕಿದ ತಗಡು ನಿಮಗೆ ದೊಡ್ಡದಾಯ್ತು. ನಮ್ಮನೇಲಿ ದಾಖಲೆ ಇಲ್ಲ ಅಂದ್ಕೊಂಡ್ರಾ? ಮೂರು ಜನ ಚರಿತ್ರೆಕಾರರು ಬಂದು ಇದನ್ನ ನೋಡಿ ಬರ್ಕೊಂಡು ಹೋಗಿದಾರೆ. ನೀವೊಬ್ಬರೇ ಕೇಳಲಿಲ್ಲ." ಅವನು ಪೆಟ್ಟಿಗೆಯಿಂದ ಹಳದಿಗಟ್ಟಿದ ಸುರುಳಿಯೊಂದನ್ನು ತರಿಸಿದ. "ನಮ್ಮ ತಾತ ತೀರಿಕೊಂಡಾಗ ಓದಿದ್ದು ಇದೇ. ಅದಕ್ಕೂ ಹಿಂದಿನಿಂದ ಬಂದಿದ್ದು. ಓದಮ್ಮಾ, ನಿಮ್ಮ ಯಜಮಾನ್ರಿಗೆ ಓದಿ ಹೇಳು."

ಹಿಲಾರಾ ಸುರುಳಿ ಬಿಚ್ಚಿದಳು. ಬಾಗಿಲು, ಜ್ವಾಲೆ, ಮೇಲಿಂದ ಬೀಳುವ ಕಂಬಳಿ. "ಉಚ್ಚೆಯ ತೊಟ್ಟಿಯಿಂದ ಎತ್ತಿದ ಕಂಬಳಿಗಳು ಬೆಂಕಿಯ ಮೇಲೆ ಬಿದ್ದಾಗ ಎದ್ದ ಹಬೆಯಲ್ಲಿ ಅವನ ಹುಬ್ಬು ಉದುರಿಹೋಯಿತು" ಎಂದು ಓದಿದವಳು ಥಟ್ಟನೆ ನಿಂತಳು.

"ಯಾಕೆ ನಿಲ್ಲಿಸಿದೆ?" ಎಂದ ಸತ್ರಿಯಸ್.

"ಯಜಮಾನ್ರೇ..." ಎಂದಳು ಹಿಲಾರಾ ಮೆಲ್ಲಗೆ. "ಈ ಅಕ್ಷರ ನಿಮ್ಮದು."

"ಏನು?"

"ಇಪ್ಪತ್ತೆರಡು ವರ್ಷದಿಂದ ನಿಮ್ಮ ಕಾಲು ಮುರಿದ ಅಕ್ಷರಾನೇ ನಕಲು ಮಾಡ್ಕೊಂಡು ಬಂದಿದೀನಿ. ನಂಗೆ ಗೊತ್ತಾಗಲ್ವಾ? ಔಲಸ್ ಸೆಪೂನಿಯಸ್ ಅನ್ನೋ ಹೆಸರೂ ಉಪ್ಪಿನ ಬಾಗಿಲು ಅನ್ನೋದೂ ಮಾತ್ರ ಬೇರೆ ಕೈ, ಬೇರೆ ಶಾಯಿ. ಮಿಕ್ಕಿದ್ದೆಲ್ಲ ನೀವೇ."

ಸತ್ರಿಯಸ್‌ಗೆ ಅಕ್ಷರ ಕಾಣುವ ಅಗತ್ಯವಿರಲಿಲ್ಲ. ಉದುರಿದ ಹುಬ್ಬು ಯಾರದೆಂದು ಅವನಿಗೆ ಗೊತ್ತಿತ್ತು.

ಅವನ ತಾಯಿ ಅವೆಂಟೈನ್ ಗುಡ್ಡದ ಅಗಸರ ಕಾರ್ಖಾನೆಯಲ್ಲಿ ಜಿಡ್ಡು ಬಿಡಿಸಲು ಹಳಸಿದ ಉಚ್ಚೆ ತುಂಬಿಸಿಡುವ ತೊಟ್ಟಿಗಿಳಿದು ಉಣ್ಣೆ ತುಳಿಯುತ್ತಿದ್ದವಳು. ಅವನಿಗೆ ಆರು ವರ್ಷವಾಗಿದ್ದಾಗ ಕಾರ್ಖಾನೆಗೆ ಬೆಂಕಿ ಬಿತ್ತು. ಮಾಲೀಕ ಮೊದಲು ಓಡಿದ. ಅವಳು ತೊಟ್ಟಿಯಿಂದ ಕಂಬಳಿ ಎಳೆದೆಳೆದು ಬಾಗಿಲಿಗೆ ಹೊದಿಸಿ ಒಳಗಿದ್ದ ಒಂಬತ್ತು ಜನರನ್ನು ಹೊರಗೆ ತಂದಳು. ಹುಬ್ಬು ಮತ್ತೆ ಬೆಳೆಯಲೇ ಇಲ್ಲ. ಹದಿನೆಂಟರಲ್ಲಿ ಅವನು ಪಾಠಶಾಲೆಯಲ್ಲಿದ್ದಾಗ ಗುರು ಒಂದು ವಿಷಯ ಕೊಟ್ಟಿದ್ದ: ಒಂದು ಬಾಗಿಲು ಉರಿಯುತ್ತಿದೆ, ಒಬ್ಬನು ಉಳಿಸುತ್ತಾನೆ, ಅವನನ್ನು ಹೊಗಳಿ. ಹೆಸರಿನ ಜಾಗ ಖಾಲಿ ಬಿಡುವುದು ಆ ಪಾಠಶಾಲೆಯ ರೂಢಿ. ಹುಡುಗ ತಾಯಿಯ ಧೈರ್ಯವನ್ನು ತೆಗೆದು ಯಾವನೋ ಒಬ್ಬ ವೀರನ ಮೈಗೆ ತೊಡಿಸಿದ. ಗುರು ಬೆನ್ನು ತಟ್ಟಿ ಹಾಳೆ ಇಸಿದುಕೊಂಡ. ಅಂಥ ಹಾಳೆಗಳು ಸಾವಾದ ದೊಡ್ಡಮನೆಗಳಿಗೆ ಮಾರಾಟವಾಗುತ್ತವೆಂದು ಹುಡುಗರೆಲ್ಲ ಬಲ್ಲರು, ಬಲ್ಲೆವೆಂದು ಯಾರೂ ಹೇಳುತ್ತಿರಲಿಲ್ಲ. ಅವನೂ ಹೇಳಲಿಲ್ಲ. ತನ್ನ ಹಾಳೆ ಯಾವ ಮನೆಗೆ ಹೋಯಿತೆಂದು ಕೇಳಲೂ ಇಲ್ಲ. ಔಲಸ್‌ನ ಕಥೆ ಕಿವಿಗೆ ಬಿದ್ದಾಗಲೂ, ಬೆಂಕಿಗೆ ಒದ್ದೆ ಕಂಬಳಿ ಯಾರಾದರೂ ಎಸೆಯುವುದೇ ಎಂದುಕೊಂಡಿದ್ದ.

ಅದು ಹೋಗಿದ್ದು ಈ ಮನೆಗೆ. ಬಾಗಿಲಲ್ಲಿ ತಮ್ಮ ಪೂರ್ವಜ ಮಾಡಿದ್ದೇನೆಂದು ಒಳಗೊಳಗೇ ಬಲ್ಲವರು ಯಾರೋ ಖಾಲಿ ಜಾಗವನ್ನು ಆ ಹೆಸರಿನಿಂದಲೇ ತುಂಬಿದ್ದರು, ಹುಣ್ಣಿನ ಮೇಲೇ ಅಳತೆ ನೋಡಿ ಪಟ್ಟಿ ಕಟ್ಟಿದಂತೆ.

ರೂಗಾ ಒಂದು ಗಳಿಗೆ ಬೆಪ್ಪಾದ. ಅವನಿಗೂ ಇದು ಗೊತ್ತಿರಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹರ್ಕ್ಯುಲಿಸ್‌ನಾಣೆ! ಹಾಗಾದ್ರೆ ನಮ್ಮ ಔಲಸಜ್ಜನಿಗೆ ಅಪ್ಪ ನೀವೇ ಆದ್ರಲ್ಲ ಮೇಷ್ಟ್ರೇ! ನಿಮ್ಮ ಮುಖವಾಡಾನೂ ಒಂದು ಮಾಡಿಸ್ತೀನಿ, ಗೂಡು ಖಾಲಿ ಇದೆ." ನಗು ನಿಂತಿತು. "ಈಗ ನಿಮಗೇ ಬಿಟ್ಟಿದ್ದು. ನನ್ನ ಅಜ್ಜ ಸುಳ್ಳು ಅಂದ್ರೆ ನೀವೂ ಸುಳ್ಳು. ಊರಿನವರ ಸುಳ್ಳು ಹುಡುಕ್ತಾ ಹೋದೋನ ಗಂಟಲ್ಲಿ ಅವನದ್ದೇ ಸುಳ್ಳು ಸಿಕ್ತು ಅಂತ ಗೊತ್ತಾದ್ಮೇಲೆ ನಿಮ್ಮ ಹನ್ನೆರಡು ವರ್ಷದ ಪುಸ್ತಕಾನ ಮೀನು ಕಟ್ಟೋಕೆ ತಗೋತಾರೆ. ಬಂದು ಓದಿ. ಕಂಬಳಿ ಸಮೇತ ಓದಿ. ಎಲ್ರಿಗೂ ಒಳ್ಳೇದು."

ಮನೆಯಲ್ಲಿ ಹಿಲಾರಾ ಅವರೆಬೇಳೆಯ ಗಂಜಿ ಮುಂದಿಟ್ಟಾಗ ಸತ್ರಿಯಸ್ ಬಟ್ಟಲನ್ನು ಗೋಡೆಗೆ ಬೀಸಿ ಒಗೆದ.

"ನಮ್ಮವ್ವನ್ನ ಮಾರಿಬಿಟ್ಟೆ ಕಣೇ" ಎಂದ. "ಅವಳ ಮಾಲೀಕನಂಥ ಓಡುಗುಳಿಗೇ ಮಾರಿದೆ. ಅವಳು ಉಳಿಸಿದ ಒಂಬತ್ತು ಜನರನ್ನೂ ಮಾರಿದೆ. ಅರವತ್ತು ಹೆಣದ ಮೇಲೆ ಕಂಬಳಿ ಹೊದಿಸ್ದೋನು ಔಲಸ್ ಅಲ್ಲ, ನಾನು."

"ಹದಿನೆಂಟರ ಹುಡುಗ ಯಜಮಾನ್ರೇ ನೀವಾಗ."

"ಅರವತ್ತರ ತನಕ ಕೇಳಲಿಲ್ವಲ್ಲ! ಅದಕ್ಕೇನು ಹೇಳ್ತೀಯ?"

ಹಿಲಾರಾ ಉರುಳಿದ ಬಟ್ಟಲನ್ನು ಎತ್ತಿಟ್ಟಳು. ಗೋಡೆಯಿಂದ ಬೇಳೆ ಒರೆಸತೊಡಗಿದಳು. ಸುಳ್ಳನ್ನು ಹಿತವಾಗಿ ಮುಚ್ಚುವ ಅಭ್ಯಾಸ ಅವಳಿಗಿರಲಿಲ್ಲ. ಅವನ ಬಳಿ ಅವಳು ಇಷ್ಟು ವರ್ಷ ಉಳಿದದ್ದಕ್ಕೆ ಅದೂ ಒಂದು ಕಾರಣ.

ಓದಿನ ದಿನ ರೂಗಾನ ಹಜಾರ ತುಂಬಿತ್ತು. ಗೂಡುಗಳ ಬಾಗಿಲು ತೆರೆದಿದ್ದರು. ಆರನೆಯ ಮುಖವಾಡದ ನೇರ ಕೆಳಗೇ ಓದುಗನ ಪೀಠ. ಹಿಲಾರಾ ಹಿಂದೆ ನಿಂತು ಸಾಲು ಉಸುರಿಕೊಟ್ಟಳು, ಸತ್ರಿಯಸ್ ದನಿಯೆತ್ತಿ ಹೇಳಿದ. ಊರು ಕಟ್ಟಿದ್ದು, ರಾಜರನ್ನು ಓಡಿಸಿದ್ದು, ಮೊದಲ ಬರಗಾಲ. ಜನ ತಲೆದೂಗಿದರು. ರೂಗಾ ಮುಂದಿನ ಸಾಲಿನಲ್ಲಿ ಬೆಳ್ಳಗೆ ಕೂತಿದ್ದ.

ಉಪ್ಪಿನ ಬಾಗಿಲು ಬಂದಾಗ ಸತ್ರಿಯಸ್ ಹಿಲಾರಾಳ ದನಿಗೆ ಕಾಯಲಿಲ್ಲ.

"ಆ ವರ್ಷ ಉಪ್ಪಿನ ಬಾಗಿಲು ಸುಟ್ಟುಹೋಯಿತು. ಅರವತ್ತು ಮಂದಿ ಹಮಾಲರು ಸತ್ತರು. ಕಾವಲಿನ ಔಲಸ್ ಸೆಪೂನಿಯಸ್ ಓಡಿದ, ದಂಡ ತೆತ್ತ. ಒದ್ದೆ ಕಂಬಳಿಯ ಕಥೆಯನ್ನು ಕಟ್ಟಿದವನು ಈ ಪುಸ್ತಕ ಬರೆದ ನುಮೆರಿಯಸ್ ಸತ್ರಿಯಸ್, ಹದಿನೆಂಟರ ವಯಸ್ಸಿನಲ್ಲಿ, ಪಾಠಶಾಲೆಯ ಬೆಂಚಿನ ಮೇಲೆ. ಆ ಕಂಬಳಿಗಳನ್ನು ನಿಜವಾಗಿ ಎಸೆದವಳು ಅವೆಂಟೈನ್ ಗುಡ್ಡದ ಅಗಸಗಿತ್ತಿ ಸತ್ರಿಯಾ. ಅವಳು ನನ್ನ ತಾಯಿ."

ಹಜಾರದ ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಅಗಸರವಳಂತೆ! ಇನ್ನು ಊರು ಕಟ್ಟಿದ್ದು ನಮ್ಮ ಅಡುಗೆಯವಳು ಅಂತಾನೆ ನೋಡ್ರಿ!"

"ಇದು ಸುಳ್ಳಾದ್ರೆ ಮಿಕ್ಕಿದ್ದು ಯಾವ್ದು ನಿಜ ಮುದುಕಪ್ಪಾ? ರಾಜರನ್ನ ಓಡಿಸಿದ್ದೂ ನೀನೇ ಬರ್ದಿದ್ದಾ?"

"ಅನುಮಾನ ಪಡಿ!" ಸತ್ರಿಯಸ್ ಗುಡುಗಿದ. "ನನ್ನ ಮೇಲೂ ಪಡಿ, ಈ ಗೂಡಲ್ಲಿರೋ ಮೇಣದ ಮೇಲೂ ಪಡಿ. ನಿಮ್ಮ ನಿಮ್ಮ ಮನೆಗೆ ಹೋಗಿ ನಿಮ್ಮ ಅಜ್ಜಂದಿರ ಕೆಳಗೆ ಬರೆದಿದ್ದು ಯಾವ ಹುಡುಗನ ಅಕ್ಷರ ಅಂತ ನೋಡಿ! ನಾನೊಬ್ಬನೇ ಬರೆದೆ ಅಂದ್ಕೊಂಡ್ರಾ? ಆ ಬೆಂಚಲ್ಲಿ ಮೂವತ್ತು ಜನ ಕೂತಿದ್ವಿ!"

ನಗು ಅಲ್ಲಿಗೆ ನಿಂತಿತು. ನಾಲ್ಕಾರು ಮಂದಿ ಗಣ್ಯರು ಬೇಕೆಂದೇ ನೆಲ ನೋಡಿದರು. ಅಷ್ಟರಲ್ಲಿ ರೂಗಾ ಎದ್ದ. ಮುಖದಲ್ಲಿ ಕರುಣೆಯಿತ್ತು, ಕಲಿತು ತಂದ ಕರುಣೆ.

"ಮಹನೀಯರೇ, ಇವರು ನನ್ನ ಗುರುಗಳು. ಕಣ್ಣು ಹೋಗಿದೆ, ವಯಸ್ಸೂ ಆಯ್ತು. ತಾಯೀನ ನೆನೆಸ್ಕೊಂಡ್ರೆ ಯಾರಿಗಾದ್ರೂ ಮನಸ್ಸು ಕಲಕತ್ತೆ." ಅವನು ಮುದುಕನ ತೋಳು ಹಿಡಿದು ಮೆಟ್ಟಿಲಿಳಿಸಿದ. ಜನರಿಗೆ ದಾರಿ ಸಿಕ್ಕಿತು. ನೆಲ ನೋಡುತ್ತಿದ್ದವರೇ ಮೊದಲು ಚಪ್ಪಾಳೆ ತಟ್ಟಿದರು. ಶಿಷ್ಯನ ವಿನಯಕ್ಕೆ ಬಿದ್ದ ಆ ಚಪ್ಪಾಳೆಯ ಅಡಿಯಲ್ಲಿ ಅರವತ್ತು ಮಂದಿ ಮತ್ತೊಮ್ಮೆ ಮುಚ್ಚಿಹೋದರು.

ಸತ್ರಿಯಸ್ ತೋಳು ಕೊಡವಿಕೊಂಡ. "ಬಾಗಿಲು ಸುಟ್ಟಿತು!" ಎಂದು ಕೂಗಿದ. ಚಪ್ಪಾಳೆ ಇನ್ನೂ ಜೋರಾಯಿತು.

ಮನೆಗೆ ಬಂದಾಗ ಅವನ ಕಪ್ಪು ತೋಳಿನ ಮೇಲೆ ಐದು ಬೆರಳಿನ ಸೀಮೆಸುಣ್ಣದ ಗುರುತು ಹಾಗೇ ಇತ್ತು. ಹಿಲಾರಾ ಒದ್ದೆ ಬಟ್ಟೆ ತಂದಳು. ಅವನು ಒರೆಸಗೊಡಲಿಲ್ಲ.

"ಲೇಖನಿ ತಗೋ."

"ಯಾರೂ ಕೊಳ್ಳಲ್ಲ ಯಜಮಾನ್ರೇ ಈ ಪುಸ್ತಕಾನ ಇನ್ನು."

"ಗೊತ್ತು. ತಗೋ. ಕಂಬಳಿ ವಿಷಯ ಮೊದಲ ಸುರುಳೀಲಿ, ಮೊದಲ ಸಾಲಲ್ಲೇ ಬರಲಿ."

ಹಿಲಾರಾ ತುಸು ಯೋಚಿಸಿದಳು. ಜೀವಮಾನವಿಡೀ ಸುರುಳಿ ಬಿಚ್ಚಿ ಸುತ್ತಿದ ಕೈ ಅವಳದು. "ಮೊದಲ ಹಾಳೆ ಬೇಡ. ಹೊರಮೈ ಅಲ್ವಾ, ಸವೆದು ಹರಿಯೋದು ಅದೇ ಮೊದಲು. ಒಳತುದೀಲಿ ಕೋಲಿಗೆ ಅಂಟಿರೋ ಹಾಳೆ ನೋಡಿ, ಪುಸ್ತಕ ಪುಡಿಯಾದ್ರೂ ಅದೊಂದು ಉಳಿದಿರತ್ತೆ."

ಸತ್ರಿಯಸ್ ತಲೆಯಾಡಿಸಿದ. "ಅಲ್ಲೇ ಬರಿ. ಒಂದೊಂದು ಸುರುಳೀಲೂ ಬರಿ. ಹನ್ನೆರಡರಲ್ಲೂ."

"ಏನಂತ ಶುರು ಮಾಡ್ಲಿ?"

"ಬಾಗಿಲು ಸುಟ್ಟುಹೋಯಿತು" ಎಂದ ಅವನು, ಇಳಿಯದ ಸಿಟ್ಟಿನಲ್ಲಿ. "ಅದನ್ನು ಯಾರೂ ಉಳಿಸಲಿಲ್ಲ."

ಹಿಲಾರಾ ಹನ್ನೆರಡು ಸುರುಳಿಗಳನ್ನೂ ಮೇಜಿನ ಮೇಲೆ ತಂದಿಟ್ಟು, ಮೊದಲನೆಯದನ್ನು ಕೋಲಿನ ತನಕ ಬಿಚ್ಚಿದಳು.