ಬೇಡ ಎಂದು ಬರೆದ ಮೂರು ಪೆಟ್ಟಿಗೆಗಳು

ತಂಗಿಯ ಪ್ರಯೋಗಕ್ಕೆ ಉಳಿದಿದ್ದದ್ದು ನಾಲ್ಕೇ ದಿನ. ಶುಕ್ರವಾರ ಹನ್ನೊಂದಕ್ಕೆ ಸಮಿತಿ ಸೇರುವುದಿತ್ತು. ಅವಳ ಫಿಲ್ಟರ್ ಕೆಡುತ್ತಿರುವ ಕಾರಣ ಅಷ್ಟರೊಳಗೆ ಸಿಗದಿದ್ದರೆ ಅದನ್ನು ಕೈಬಿಡುವುದೇ ಸರಿ ಎಂದು ನಿರ್ದೇಶಕರು ಮೊದಲೇ ಹೇಳಿಬಿಟ್ಟಿದ್ದರು.

ನೀರಿನ ಬಗ್ಗೆ ಸಂಶೋಧನೆ ಮಾಡುವ ನಮ್ಮ ಸಂಸ್ಥೆಯಲ್ಲಿ ಅವಳು ಎರಡನೆಯ ಮಹಡಿಯ ರಸಾಯನ ವಿಭಾಗದವಳು, ನಾನು ನೆಲಮಹಡಿಯ ಗ್ರಂಥಾಲಯದವಳು. ಬಾವಿನೀರಿನಿಂದ ಕಬ್ಬಿಣದ ಅಂಶ ತೆಗೆಯಲು ಸುಟ್ಟ ಜೇಡಿಮಣ್ಣಿನ ಹರಳು ತುಂಬಿದ ಅಗ್ಗದ ಫಿಲ್ಟರ್ ಒಂದನ್ನು ಎರಡು ವರ್ಷದಿಂದ ಮಾಡುತ್ತಿದ್ದಳು. ಅದು ಮೊದಲ ನಲವತ್ತು ದಿನ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ಯಾರ ಮೇಲೋ ಮುನಿಸಿಕೊಂಡಂತೆ ಸುಮ್ಮನಾಗುತ್ತಿತ್ತು. ನೀರು ಹರಿಯುತ್ತಿತ್ತು, ಕಬ್ಬಿಣವೂ ಅದರೊಂದಿಗೇ ಹರಿಯುತ್ತಿತ್ತು. ಅವಳ ಅಂದಾಜಿನಂತೆ ಆ ಹರಳು ಇನ್ನೂ ಎಂಟು ತಿಂಗಳು ಬಾಳಬೇಕಿತ್ತು.

ಇದನ್ನು ಹಿಂದೆ ಯಾರಾದರೂ ಕಂಡಿರಲೇಬೇಕು ಎಂಬುದು ಅವಳ ನಂಬಿಕೆ. ಹುಡುಕಿಕೊಡುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷದಿಂದ ಇಲ್ಲಿಗೆ ಬರುವ ಪ್ರತಿ ವರದಿಗೂ ಮೂರು ವಿಷಯಪದ ಕೊಟ್ಟು ಕಪಾಟು ಸೇರಿಸುವವಳು ನಾನೇ. ಆ ಪದ್ಧತಿಯ ಕಷ್ಟವೂ ನನಗೇ ಚೆನ್ನಾಗಿ ಗೊತ್ತು. ಹುಡುಕುವವರ ತಲೆಗೂ ಅಂದು ನನ್ನ ತಲೆಗೂ ಒಂದೇ ಪದ ಹೊಳೆದಿರಬೇಕು. ಇಲ್ಲದಿದ್ದರೆ ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಹೊಸ ಹುಡುಕುಯಂತ್ರ ಬಂದು ತಿಂಗಳಾಗಿತ್ತು. ಅದನ್ನು ಅಳವಡಿಸಲು ಬಂದ ಕಂಪ್ಯೂಟರ್ ತಜ್ಞ ಬಾಯಿ ಮುಚ್ಚುತ್ತಲೇ ಇರಲಿಲ್ಲವಾದ್ದರಿಂದ ಎಲ್ಲರೂ ಸೇರಿ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಇದು ಪದಗಳನ್ನು ಹೋಲಿಸುವುದಿಲ್ಲ, ಸ್ಕ್ಯಾನ್ ಮಾಡಿದ ಪುಟವನ್ನೆಲ್ಲ ಓದಿ ಅರ್ಥದಲ್ಲಿ ಹತ್ತಿರವಾದದ್ದನ್ನು ಒಟ್ಟಿಗೆ ಇಟ್ಟುಕೊಳ್ಳುತ್ತದೆ, ಮನುಷ್ಯರನ್ನು ಕೇಳಿದಂತೆ ಕೇಳಬಹುದು ಎಂದು ಅವನು ವಿವರಿಸಿದ್ದ. ನಾನು ಅಷ್ಟು ಸುಲಭವಾಗಿ ನಂಬುವವಳಲ್ಲ. ಮೂರು ವಾರ ಗುಟ್ಟಾಗಿ ಪರೀಕ್ಷೆ ಮಾಡಿದೆ. ಪ್ರತಿ ಉತ್ತರದ ಕೆಳಗೂ ಪುಟ, ಸಾಲು ತೋರಿಸುತ್ತಿತ್ತು. ಸಿಗದಿದ್ದರೆ ಸಿಗಲಿಲ್ಲ ಎನ್ನುತ್ತಿತ್ತು. ಹಾಗೆ ಒಪ್ಪಿಕೊಳ್ಳುವ ಹಿರಿಯ ವಿಜ್ಞಾನಿಗಳನ್ನು ಈ ಕಟ್ಟಡದಲ್ಲಿ ನಾನು ಹೆಚ್ಚು ಕಂಡಿಲ್ಲ.

ಸೋಮವಾರ ಬೆಳಿಗ್ಗೆ ತಂಗಿ ತನ್ನ ಪ್ರಶ್ನೆಯನ್ನು ಅದಕ್ಕೆ ಕೇಳಿದಳು. ಈ ಸಂಗ್ರಹದಲ್ಲಿ ಹೊಂದುವ ಬರಹವಿಲ್ಲ ಎಂದಿತು. ಕೊಟ್ಟದ್ದನ್ನಷ್ಟೇ ಅದು ಓದಬಲ್ಲದು, ಕೊಡದೆ ಉಳಿದದ್ದು ಏನಾದರೂ ಇದೆಯೇ ಎಂದು ಮೌನಿ ಸಹಜವಾಗಿಯೇ ವಿಚಾರಿಸಿದ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದಾಯಿತು. ಸ್ಕ್ಯಾನ್ ಮಾಡಬೇಕಾದವುಗಳ ಪಟ್ಟಿ ತಯಾರಿಸಿದವಳು ನಾನು. ಕ್ಷೇತ್ರ ಸಿಬ್ಬಂದಿಯ ಹಳೆಯ ಪ್ರವಾಸ ದಿನಚರಿಗಳ ಮೂರು ಪೆಟ್ಟಿಗೆಗಳ ಮುಂದೆ ‘ಬೇಡ’ ಎಂದು ಬರೆದಿದ್ದೆ. ಕೋಷ್ಟಕ ಇದ್ದರೆ ವಿಜ್ಞಾನ, ಬಸ್ಸಿನ ಸಮಯ ಇದ್ದರೆ ಕಡತ ಎಂಬುದು ನಮ್ಮ ಗ್ರಂಥಾಲಯದ ಹಳೆಯ ರೂಢಿ.

ಊಟದ ಹೊತ್ತಿನವರೆಗೂ ಇದನ್ನು ನಾನು ಯಾರಿಗೂ ಹೇಳಲಿಲ್ಲ. ತಂಗಿ ಡಬ್ಬಿ ತೆರೆದು, ಒಂದು ತುತ್ತೂ ಎತ್ತದೆ, ಮತ್ತೆ ಮುಚ್ಚಿದಳು. ಅದನ್ನು ನೋಡಿ ತಡೆಯಲಾಗಲಿಲ್ಲ.

“ಮೂರು ಪೆಟ್ಟಿಗೆ ಉಳಿದಿವೆ ಕಣೆ,” ಎಂದೆ. “ನಾನೇ ಬೇಡ ಅಂತ ಬರೆದಿದ್ದೆ. ಅದರಲ್ಲಿ ಕೋಷ್ಟಕ ಇರಲಿಲ್ಲ.”

ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ಭಾವನ್ನ ಒಪ್ಪಿಕೊಂಡಾಗ ಅವರ ಹತ್ರ ಕೋಷ್ಟಕ ಇತ್ತೇನಕ್ಕಾ?” ಎಂದು ಎದ್ದು ಪೆಟ್ಟಿಗೆ ತರಲು ಹೊರಟಳು.

ಅಂದು ಮಧ್ಯಾಹ್ನದಿಂದ ಮಂಗಳವಾರ ಮೂರು ಗಂಟೆಯವರೆಗೆ ನಾನು ಪುಟ ಬಿಡಿಸಿ ಹಿಡಿದೆ, ಮೌನಿ ಸ್ಕ್ಯಾನ್ ಮಾಡಿದ. ಸಾವಿರಕ್ಕೂ ಹೆಚ್ಚು ಪುಟ, ಎಲ್ಲ ಕೈಬರಹ. ಯಂತ್ರ ಆ ಗೀಚುಗಳನ್ನೂ ಓದಿತು. ಅನುಮಾನವಿದ್ದ ಪದಗಳಿಗೆ ಹಳದಿ ಬಳಿದು ನನ್ನನ್ನು ಕೇಳಿತು. ಕೆಲಸದ ಭರದಲ್ಲಿ ಮೌನಿ ತನ್ನ ಹೆಸರಿಗೆ ತಕ್ಕಂತೆ ಇದ್ದ.

ತಂಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಈ ಸಲ ಇಪ್ಪತ್ತಾರು ವರ್ಷದ ಹಿಂದೆ ಒಬ್ಬ ಪಂಪು ಮೆಕ್ಯಾನಿಕ್ ಬರೆದ ದಿನಚರಿಯ ಪುಟ ಪರದೆಯ ಮೇಲೆ ಬಂತು.

‘ಈ ಮನೆಯಲ್ಲಿ ಒಗೆದ ಬಟ್ಟೆ ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಹಳದಿಯಾಗತೊಡಗುತ್ತದಂತೆ. ಮನೆಯಾಕೆ ಸೋಸುವ ತೊಟ್ಟಿಯ ಮಣ್ಣುಗುಂಡುಗಳನ್ನು ಹೊರಗೆ ಸುರಿದು ಎರಡು ದಿನ ಬಿಸಿಲಿಗೆ ಹಾಕುತ್ತಾಳೆ. ಮುಟ್ಟಿದರೆ ಲೋಳೆ. ಒಣಗಿಸಿ ತುಂಬಿದರೆ ಸರಿಹೋಗುತ್ತದೆ ಎನ್ನುತ್ತಾಳೆ. ಹಿಂತಿರುಗುವ ಬಸ್ಸು ನಾಲ್ಕೂಕಾಲಿಗೆ.’

ನಾನು ಮೂರು ಸಲ ಓದಿದೆ. ತಂಗಿಯ ಪ್ರಶ್ನೆಯಲ್ಲಿದ್ದ ಒಂದು ಪದವೂ ಅಲ್ಲಿರಲಿಲ್ಲ. ಕಬ್ಬಿಣ ಎಂಬ ಮಾತು ಸಹ ಇರಲಿಲ್ಲ. ಆದರೂ ಪ್ರಯೋಗಾಲಯದ ಪ್ರಶ್ನೆಗೂ ಬಟ್ಟೆ ಒಗೆಯುವವಳ ದೂರಿಗೂ ಇರುವ ನೆಂಟಸ್ತಿಕೆಯನ್ನು ಅದು ಕಂಡುಹಿಡಿದಿತ್ತು. ನಾನು ಇನ್ನೊಂದು ಇಪ್ಪತ್ತೇಳು ವರ್ಷ ಕುಳಿತಿದ್ದರೂ ಆ ಪುಟಕ್ಕೆ ಸರಿಯಾದ ಮೂರು ಪದ ಕೊಡುತ್ತಿರಲಿಲ್ಲ. ಯಾರನ್ನೂ ಕೀಳೆಂದು ಬದಿಗಿಡದೆ, ಬಸ್ಸಿನ ಸಮಯದವರೆಗೂ ತಾಳ್ಮೆಯಿಂದ ಓದಿದ ಆ ಯಂತ್ರದ ಬಗ್ಗೆ ನನ್ನಲ್ಲಿ ಹುಟ್ಟಿದ್ದು ಗೌರವ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

“ಲೋಳೆ,” ಎಂದಳು ತಂಗಿ. “ಕಣ್ಣಿಗೆ ಕಾಣದ ಜೀವಿಗಳು ಹರಳಿಗೆ ಹೊದಿಕೆ ಹಾಕ್ತಿವೆ. ನಾನು ಎರಡು ವರ್ಷ ಚಿಮಟದಲ್ಲಿ ಹಿಡಿದೆ ಅಕ್ಕಾ, ಒಂದು ದಿನವೂ ಕೈಯಲ್ಲಿ ಮುಟ್ಟಿ ನೋಡಲಿಲ್ಲ.”

ಯಂತ್ರ ತೋರಿಸಿದ್ದು ದಾರಿ ಮಾತ್ರ, ಸಾಬೀತು ಮಾಡುವುದು ನಿಮ್ಮ ಪಾಲಿನದು ಎಂದು ಮೌನಿ ಎಚ್ಚರಿಸಿದ. ಬುಧವಾರ, ಗುರುವಾರ ಕೆಟ್ಟ ಹರಳುಗಳು ತಾರಸಿಯ ಮೇಲೆ ತಟ್ಟೆಗಳಲ್ಲಿ ಒಣಗಿದವು. ಮೋಡ ಬಂತೇ, ಕಾಗೆ ಬಂತೇ ಎಂದು ನಾನು ದಿನಕ್ಕೆ ಏಳೆಂಟು ಸಲ ಮೆಟ್ಟಿಲು ಹತ್ತಿದೆ.

ಶುಕ್ರವಾರ ಎಂಟಕ್ಕೆ ಫಿಲ್ಟರ್ ತುಂಬಿದಳು. ಒಂಬತ್ತೂವರೆಗೆ ಇಳಿದ ನೀರನ್ನು ಗಾಜಿನ ನಳಿಕೆಗೆ ಹಾಕಿ, ಕಬ್ಬಿಣವಿದ್ದರೆ ಕೆಂಪಾಗಿಸುವ ದ್ರಾವಣ ಬೆರೆಸಿದಳು. ಪಕ್ಕದ ನಳಿಕೆಯಲ್ಲಿ, ಒಣಗಿಸುವ ಮೊದಲು ಸೋಮವಾರ ಇಳಿದಿದ್ದ ನೀರು ಅದೇ ದ್ರಾವಣದಿಂದ ಕೆಂಪಗೆ ನಿಂತಿತ್ತು.

“ನೀನೇ ನೋಡಕ್ಕಾ. ನನಗೆ ಬೇಕಾದ್ದೇ ನನ್ನ ಕಣ್ಣಿಗೆ ಕಾಣುತ್ತೆ.”

ಹಿಂದೆ ಬಿಳಿ ಕಾಗದ ಹಿಡಿದು ಹತ್ತು ನಿಮಿಷ ಕಾದೆ. ಕಿಟಕಿಯ ಬಳಿ ಹೋಗಿ ಇನ್ನೊಮ್ಮೆ ನೋಡಿದೆ.

“ಬಣ್ಣ ಇಲ್ಲ,” ಎಂದೆ.

ಅವಳು ಎರಡೂ ನಳಿಕೆಗಳನ್ನೂ ದಿನಚರಿಯನ್ನೂ ಎತ್ತಿಕೊಂಡು ಸಮಿತಿಯ ಕೋಣೆಗೆ ಹೋದಳು. ಒಂದು ಗಂಟೆಗೆ ಹೊರಬಂದಾಗ ಪ್ರಯೋಗಕ್ಕೆ ಇನ್ನೂ ಒಂದು ವರ್ಷ ಸಿಕ್ಕಿತ್ತು. ಬಿಸಿಲಿನ ಉಪಾಯ ಯಾರದೆಂದು ವರದಿಯಲ್ಲಿ ಬರೆಯಬೇಕು ಎಂದು ನಿರ್ದೇಶಕರು ಹೇಳಿದರಂತೆ. ಮನೆಯಾಕೆಯ ಹೆಸರೇನೆಂದು ತಂಗಿ ಯಂತ್ರವನ್ನು ಕೇಳಿದಳು. ಹೆಸರು ಬರೆದಿಲ್ಲ, ಊರು ಮತ್ತು ಬೀದಿ ಮಾತ್ರ ಇವೆ ಎಂದಿತು. ಸೋಮವಾರ ಹೋಗಿ ಕೇಳಿಕೊಂಡು ಬರೋಣ ಎಂದು ಅವಳು ಅಲ್ಲೇ ರಜೆಚೀಟಿ ಬರೆದಳು. ನನ್ನದನ್ನೂ ಅವಳೇ ಬರೆದಳು.